ಕೆಂಪು ಇದೆಯಾ?

ನನ್ನ ಸೋದರಮಾವನಿಗೆ ಅರಳುಮರಳು ಎಂಬುದು ನಮ್ಮ ಬಂಧುವರ್ಗದಲ್ಲಿ ಸರ್ವಾನುಮತದಿಂದ ಅಂಗೀಕಾರವಾಗಿರುವ ನಿರ್ಣಯ. ಮಂಡಿಸಿದವಳು ಅವರ ಸ್ವಂತ ಮಗಳು, ಅನುಮೋದಿಸಿದವಳು ಅವರ ಸ್ವಂತ ತಂಗಿ, ಎಂದರೆ ನನ್ನ ಅಮ್ಮ. ಸಾಕ್ಷ್ಯ ಒಂದೇ. ಈ ಚಳಿಗಾಲದ ಒಂದು ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು, ಮಾವ ಅದನ್ನು ಗಮನಿಸದೆ ಕಾರು ಹೊರಡಿಸಿದರು, ಎಕ್ಸ್‌ಪ್ರೆಸ್‌ವೇ ಮೇಲೆ ಮಂಜಿನ ನಡುವೆ ಕಾರು ಸತ್ತಿತು, ಅದರಲ್ಲಿದ್ದ ಮೂವರು ಸಾಯುವುದು ಕೂದಲೆಳೆಯಲ್ಲಿ ತಪ್ಪಿತು. ನಾನು ಶಾಲೆಯಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೇ ಬೆಳೆದವಳು. ಈಗ ದಿಲ್ಲಿಯ ಲಕ್ಷ್ಮೀ ನಗರದ ಕೋಚಿಂಗ್ ಸೆಂಟರೊಂದರಲ್ಲಿ, ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದು ಹೇಗೆಂದು ಕಲಿಸಿ ಹೊಟ್ಟೆ ಹೊರೆಯುತ್ತೇನೆ. ಸರ್ವಾನುಮತ ಕಂಡರೆ ನನಗೆ ಮೈ ಉರಿಯುತ್ತದೆ. ಅದರಲ್ಲೂ ಆ ಮೂವರಲ್ಲಿ ಒಬ್ಬಳು ನಾನೇ ಆಗಿರುವಾಗ!

ಹಾಗೆಂದು ಮಾವ ಎಲ್ಲರಂಥ ಮನುಷ್ಯ ಎಂದು ವಾದಿಸಲು ಹೊರಟಿಲ್ಲ. ಅಷ್ಟು ದುರ್ಬಲವಾದ ಪಕ್ಷವನ್ನು ನಾನು ಹಿಡಿಯುವುದಿಲ್ಲ.

ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಇಡೀ ಆಯುಷ್ಯ ಕಡತಗಳ ನಡುವೆ ಕಳೆದವರು ಅವರು. ನಿವೃತ್ತಿಯಾದ ಮೇಲೆ ಗ್ರೇಟರ್ ನೋಯ್ಡಾದಲ್ಲಿ ಫ್ಲಾಟ್ ಕೊಂಡರು. ಅಲ್ಲಿ ಹಾಲು ತರಲೂ ಕಾರು ಬೇಕು. ಹಾಗಾಗಿ ಕ್ಲಚ್ಚಿಲ್ಲದ, ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಒಂದು ಸಣ್ಣ ಕಾರನ್ನೂ ಕೊಂಡರು. ಕೊಳ್ಳುವ ದಿನ ಷೋರೂಮಿನ ಹೆಂಗಸು ಗೇರಿನ ಕಡ್ಡಿಯ ಪಕ್ಕದ ಅಕ್ಷರಗಳನ್ನು ತೋರಿಸಿದಳು: ಆರ್, ಎನ್, ಡಿ, ಎಂ. ಮಾವ ಕನ್ನಡಕ ಏರಿಸಿಕೊಂಡು ನೋಡಿದರು. "ಪಿ ಎಲ್ಲಿ? ಆಟೊಮ್ಯಾಟಿಕ್ ಕಾರಿನಲ್ಲಿ ನಿಲುಗಡೆಗೆ ಪಿ ಇರಬೇಕಲ್ಲ?" ಈ ಬಗೆಯ ಕಾರಿನಲ್ಲಿ ಪಿ ಇರುವುದಿಲ್ಲ, ಗೇರಿನಲ್ಲೇ ಬಿಟ್ಟು ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆಯಬೇಕು ಎಂದು ಅವಳು ವಿವರಿಸಿದಳು. "ಹಾಗಾದರೆ ನಿಲ್ಲಿಸಿದ ಕಾರಿಗೆ ಜವಾಬ್ದಾರರು ಯಾರು?" ಎಂದು ಮಾವ ಕೇಳಿದರಂತೆ. ಅವಳು ನೀರು ತರುತ್ತೇನೆಂದು ಹೋದವಳು ವಾಪಸು ಬರಲಿಲ್ಲ.

ಎನ್ ಎಂಬ ಅಕ್ಷರಕ್ಕೆ ಅವರ ತಕರಾರಿರಲಿಲ್ಲ. ತಟಸ್ಥವಾಗಿ ನಿಲ್ಲುವುದು ಸರ್ಕಾರಿ ನೌಕರನ ಸಹಜ ಸ್ಥಿತಿ. ಗೇರನ್ನು ನಾವೇ ಬದಲಾಯಿಸಬೇಕಾದ ಎಂ ಅನ್ನು ಮಾತ್ರ ಇವತ್ತಿನವರೆಗೆ ಮುಟ್ಟಿಲ್ಲ. ಫ್ಲೈಓವರ್ ಏರುವಾಗ ಕಾರು ಏದುಸಿರು ಬಿಡುತ್ತಿದ್ದರೆ ನಾನು ಹಿಂದಿನಿಂದ, "ಮಾವ, ಎಂಗೆ ಹಾಕಿ ಗೇರು ಇಳಿಸಿ" ಎನ್ನುತ್ತಿದ್ದೆ. "ಡಿಯಲ್ಲಿ ತಪ್ಪಾದರೆ ಕಾರಿನ ತಪ್ಪು. ಎಂನಲ್ಲಿ ತಪ್ಪಾದರೆ ನನ್ನ ತಪ್ಪು. ನಾನ್ಯಾಕಮ್ಮ ಸಹಿ ಹಾಕಲಿ?" ಮೀಟರಿನಲ್ಲಿ ಇಕೋ ಎಂಬ ಪುಟ್ಟ ಹಸಿರು ದೀಪವೊಂದಿದೆ, ಪೆಟ್ರೋಲು ಉಳಿಯುವಂತೆ ಮೆತ್ತಗೆ ಓಡಿಸಿದರೆ ಉರಿಯುತ್ತದೆ. ಮಾವ ಅದನ್ನು ನಡತೆಯ ಪ್ರಮಾಣಪತ್ರ ಎಂದುಕೊಂಡಿದ್ದಾರೆ. ಅದು ಆರದಂತೆ ಅವರು ಹೋಗುವಾಗ ಹಿಂದೆ ಹಾರ್ನು ಹೊಡೆಯುವ ಲಾರಿಗಳ ಸಾಲು ನೋಡಿದರೆ, ಯಾರದೋ ಮದುವೆಯ ಬಾರಾತ್ ಹೊರಟಿದೆ ಎನ್ನಬೇಕು.

ಆದರೆ ಅವರ ನಿಜವಾದ ವಿಚಿತ್ರ ಇದ್ಯಾವುದೂ ಅಲ್ಲ. ಓಡಿಸುವವನ ಕಣ್ಣು ರಸ್ತೆಯ ಮೇಲಿರಬೇಕು, ಆ ಇಕೋ ಒಂದನ್ನು ಬಿಟ್ಟು ಡ್ಯಾಶ್‌ಬೋರ್ಡ್ ನೋಡುವುದು ಇನ್ನೊಬ್ಬರ ಇಲಾಖೆ ಎಂಬುದು ಅವರ ಸಿದ್ಧಾಂತ. ಆ ಇಲಾಖೆ ಅತ್ತೆಯದು. ಸ್ಟಾರ್ಟ್ ಮಾಡಿ, ಬೆಲ್ಟು ಬಿಗಿದು, ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೆ ಮಾವ ನೆಟ್ಟಗೆ ಮುಂದೆ ನೋಡುತ್ತಾ ಕೇಳುತ್ತಾರೆ:

"ಕೆಂಪು ಇದೆಯಾ?"

ಪಕ್ಕದ ಸೀಟಿನಿಂದ ಅತ್ತೆ ಇತ್ತ ಬಾಗಿ, "ಇಲ್ಲ."

"ಹಳದಿ?"

"ಇಲ್ಲ."

"ಹಸಿರು?"

"ಬಲಗಡೆ ಇಂಡಿಕೇಟರ್."

"ನೀಲಿ?"

"ಇಲ್ಲ ರೀ, ಹೊರಡಿ."

ಕೆಂಪೆಂದರೆ ಕಡತದ ಮೇಲಿನ 'ತಕ್ಷಣ' ಎಂಬ ಚೀಟಿ: ಕಾರು ಮುಂದೆ ಹೋಗಕೂಡದು. ಹಳದಿಯೆಂದರೆ 'ಆದ್ಯತೆ': ಹತ್ತಿರದಲ್ಲೆಲ್ಲಾದರೂ ತೋರಿಸಬೇಕು. ಹಸಿರು, ನೀಲಿ ಬರೀ ಅವಗಾಹನೆಗೆ. ಕೈಪಿಡಿಯಲ್ಲಿರುವುದೂ ಹೆಚ್ಚುಕಡಿಮೆ ಇದೇ. ಚಿತ್ರಗಳಿಗೆ ಮಾತ್ರ ಅತ್ತೆ ಅಡುಗೆಮನೆಯ ಹೆಸರಿಟ್ಟಿದ್ದರು. ಎಂಜಿನ್ ಆಯಿಲಿನದು ಎಣ್ಣೆಗಿಂಡಿ. ಟೈರಿನ ಗಾಳಿಯದು ಬಾಣಲೆ. ಬ್ಯಾಟರಿಯದು ಡಬ್ಬಿ. "ರೀ, ಬಾಣಲೆ ಹತ್ಕೊಂಡಿದೆ" ಎಂದರೆ ಒಲೆ ಆರಿಸಲು ಓಡುವವರಿರಬಹುದು. ಮಾವ ಗಾಳಿ ಹಿಡಿಸಲು ಓಡುತ್ತಿದ್ದರು.

ಮಗಳ ನಿಶ್ಚಿತಾರ್ಥದ ದಿನ ಇದೇ ಬಾಣಲೆ ಹತ್ತಿಕೊಂಡಿತು. ದಿಲ್ಲಿಯ ಚಳಿಗೆ ಟೈರಿನ ಗಾಳಿ ಕುಗ್ಗುತ್ತದೆ, ದೀಪ ಉರಿಯುತ್ತದೆ, ಜನ ನೋಡಿ ಮುಂದೆ ಹೋಗುತ್ತಾರೆ. ಮಾವ ರಸ್ತೆಬದಿಗೆ ನಿಲ್ಲಿಸಿದರು. ಜರಿ ಪಂಚೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಟೈರನ್ನು ಅಳೆದರು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನೂ ಬಿಡಲಿಲ್ಲ.

"ಪಪ್ಪಾ, ಇಟ್ಸ್ ಜಸ್ಟ್ ಏರ್, ಯಾರ್! ಚಲೋ ನಾ!" ಎಂದು ಅಕ್ಕ, ಎಂದರೆ ಮಾವನ ಮಗಳು, ಲೆಹೆಂಗಾ ಎತ್ತಿಕೊಂಡು ಅತ್ತಳು.

"ಗಾಳಿ ಇಲ್ಲದೆ ಯಾವುದು ನಡೆಯುತ್ತೆ ಹೇಳಮ್ಮ?" ಎಂದರು ಮಾವ.

ರಾಹುಕಾಲದಲ್ಲಿ ಉಂಗುರ ಬದಲಾಯಿತು. ಆ ಮದುವೆ ಚೆನ್ನಾಗಿಯೇ ಇದೆ ಎಂಬುದು ರಾಹುವಿಗಾದ ಅವಮಾನ. ಗುರುಗ್ರಾಮದಲ್ಲಿ ಸಂಸಾರ ಹೂಡಿರುವ ಅಕ್ಕ ಮಾತ್ರ ಆ ಕಾರನ್ನು ಇನ್ನೂ ಕ್ಷಮಿಸಿಲ್ಲ.

ಈಗ ನನ್ನ ಪ್ರಶ್ನೆ. ಒಂದು ಹಳದಿ ದೀಪಕ್ಕೆ ಸ್ವಂತ ಮಗಳ ಮುಹೂರ್ತ ತಪ್ಪಿಸಿದ ಮನುಷ್ಯ ಕೆಂಪು ದೀಪವನ್ನು ಗಮನಿಸಲಿಲ್ಲವೇ? ನಂಬುವವರು ನಂಬಲಿ.

ನಡುವೆ ಆದದ್ದೊಂದನ್ನು ಹೇಳಬೇಕು. ಅತ್ತೆಗೆ ಹಳೆಯ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿಯಿತು. ಕಣ್ಣಿನೊಳಗೇ ಚುಚ್ಚುಮದ್ದು ಹಾಕಿಸಲು ಆಗಾಗ ದಿಲ್ಲಿಯ ಆಸ್ಪತ್ರೆಗೆ ಹೋಗಬೇಕಾಯಿತು. ಹೇಗಿದೆ ಅತ್ತೆ ಎಂದು ಯಾರು ಕೇಳಿದರೂ "ಚೆನ್ನಾಗಿ ಕಾಣ್ಸತ್ತೆ" ಎಂದು ಒಂದೇ ಉತ್ತರ. ಕಾಣಿಸುತ್ತದೆ ಎನ್ನುತ್ತಲೇ ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದರು. ಮಾವ ಸದ್ದಿಲ್ಲದೆ ಒರೆಸುತ್ತಿದ್ದರು.

ಕಾರಿನ ಪ್ರಶ್ನೋತ್ತರ ಮಾತ್ರ ನಿಲ್ಲಲಿಲ್ಲ. ಪಾಪದ ಹೆಂಗಸನ್ನು ಕೂರಿಸಿಕೊಂಡು ಈಗಲೂ ಪರೀಕ್ಷೆ ಮಾಡುತ್ತಾನಲ್ಲ, ಎಂಥ ಗಂಡಸು ಎಂದು ನನ್ನ ಅಮ್ಮನೇ ಫೋನಿನಲ್ಲಿ ಬೈದಳು. ಆದರೆ ಆ ಪ್ರಶ್ನೆಪತ್ರಿಕೆ ಬದಲಾಗಿತ್ತು, ಯಾರೂ ಗಮನಿಸಿರಲಿಲ್ಲ. ಹಸಿರನ್ನು ಕೇಳುವ ಮೊದಲು ಮಾವ, ಬೇಕಿರಲಿ ಬೇಡದಿರಲಿ, ಬಲಗಡೆಯ ಇಂಡಿಕೇಟರನ್ನೇ ಹಾಕುತ್ತಿದ್ದರು. ಅದು ಟಿಕ್‌ಟಿಕ್ ಎನ್ನುತ್ತದೆ, ಕಿವಿ ಇದ್ದರೆ ಸಾಕು. ನೀಲಿಯನ್ನು ಕೇಳುವುದನ್ನೇ ಬಿಟ್ಟಿದ್ದರು. ಹೈ ಬೀಮಿನ ಆ ದೀಪಕ್ಕೆ ಸದ್ದಿಲ್ಲ. ಕೆಂಪು, ಹಳದಿಯ ತೊಂದರೆಯಿಲ್ಲ: ಕಾರನ್ನು ಮಗುವಿನಂತೆ ನೋಡಿಕೊಳ್ಳುವವರ ಮನೆಯಲ್ಲಿ ಅದಕ್ಕೆ ಉತ್ತರ ಯಾವಾಗಲೂ "ಇಲ್ಲ." ಒಟ್ಟಿನಲ್ಲಿ ಅತ್ತೆ ತಪ್ಪಲು ಸಾಧ್ಯವೇ ಇಲ್ಲದ ಪರೀಕ್ಷೆಯೊಂದನ್ನು ಮಾವ ಸಿದ್ಧಮಾಡಿದ್ದರು. ಆ ಬೆಳಿಗ್ಗೆಯವರೆಗೆ.

ಹಿಂದಿನ ದಿನ ನಾನು ಅವರ ಮನೆಯಲ್ಲೇ ಉಳಿದಿದ್ದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನನ್ನನ್ನು ಇಳಿಸುವುದೆಂದಿತ್ತು. ಬೇಸ್‌ಮೆಂಟಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ, ಮಾವನ ಬೆನ್ನಿಗೆ ಸರಿಯಾಗಿ ಕೂತೆ. ಅಲ್ಲಿಂದ ನನಗೆ ಕಾಣುತ್ತಿದ್ದುದು ಅವರ ಮಂಗನ ಟೊಪ್ಪಿಗೆ ಮಾತ್ರ. ಕಾರು ಸ್ಟಾರ್ಟ್ ಆಯಿತು.

"ಕೆಂಪು ಇದೆಯಾ?"

ಅತ್ತೆ ಇತ್ತ ಬಾಗಿದರು. "ಇಲ್ಲ."

ಮಾವ ತಕ್ಷಣ ಹಳದಿಗೆ ಹೋಗಲಿಲ್ಲ. ಟೊಪ್ಪಿಗೆ ಕೆಳಗೆ ಬಾಗಿತು, ಅತ್ತೆಯ ಕಡೆ ತಿರುಗಿತು, ಮತ್ತೆ ಮುಂದೆ ತಿರುಗಿ ನೆಟ್ಟಗಾಯಿತು. ನಾನು ಶಾಲಿನ ಪಿನ್ನು ಹುಡುಕುತ್ತಿದ್ದೆ. "ಸರಿ. ಇಲ್ಲ" ಎಂದು ಅವರು ಹೊರಡಿಸಿದರು.

ಹೊರಗೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಹೀಟರ್ ಫ್ಯಾನ್ ಹಾಕಿ ಮಾವ ಎಂದೆ. ಬೇಡ ಎಂದರು. ರೇಡಿಯೊ ಆರಿಸಿದರು. "ಫೋನು ಚಾರ್ಜಿಗೆ ಹಾಕಿದ್ದೀಯಾ? ತೆಗಿ." ಒಳಗಿನ ಗಾಜು ಮುಸುಕಿದಾಗಲೂ ಫ್ಯಾನ್ ಹಾಕದೆ ಬಟ್ಟೆಯಿಂದ ಒರೆಸಿಕೊಂಡರು. ಜಿಪುಣತನಕ್ಕೂ ಒಂದು ಋತುಮಾನ ಬೇಡವೇ ಎಂದು ನಾನು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿಕೊಂಡೆ.

ಎಕ್ಸ್‌ಪ್ರೆಸ್‌ವೇ ಮೇಲೆ ಹೆಡ್‌ಲೈಟ್ ಹಳದಿಗೆ ತಿರುಗಿ ಮಂದವಾಯಿತು. ಸ್ಟಿಯರಿಂಗ್ ಕಲ್ಲಾಯಿತು. ಮಾವ ಎರಡೂ ಕೈಯಲ್ಲಿ ಎಳೆದು ಕಾರನ್ನು ಎಡಬದಿಗೆ ತಂದರು, ಅಷ್ಟರಲ್ಲಿ ಎಂಜಿನ್ ನಿಂತಿತು. ಅಪಾಯದ ದೀಪದ ಗುಂಡಿ ಒತ್ತಿದರು. ಅದೂ ಮಿನುಗಲಿಲ್ಲ. "ಇಳಿಯಿರಿ. ಎಡಗಡೆಯಿಂದ. ತಡೆಬೇಲಿ ದಾಟಿ ಆಚೆ ನಿಲ್ಲಿ. ಕಾರಿನ ಹತ್ತಿರ ಬರಬೇಡಿ" ಎಂದರು. ಅಷ್ಟು ಶಾಂತವಾದ ದನಿಯನ್ನು ಅವರಿಂದ ನಾನು ಕೇಳಿರಲಿಲ್ಲ. ನಾನು ಅತ್ತೆಯ ಕೈ ಹಿಡಿದು ಬೇಲಿ ದಾಟಿಸಿದೆ. ಮಾವ ಡಿಕ್ಕಿಯಿಂದ ಕೆಂಪು ತ್ರಿಕೋನ ತೆಗೆದುಕೊಂಡು ಬೇಲಿಯ ಪಕ್ಕದಲ್ಲೇ ಹಿಂದಕ್ಕೆ ನಡೆದು ಮಂಜಿನಲ್ಲಿ ಇಲ್ಲವಾದರು.

"ಅವರು ಕಾಣ್ಸ್ತಿದ್ದಾರಾ?" ಅತ್ತೆ ಕೇಳಿದರು.

"ಇಲ್ಲ ಅತ್ತೆ, ಏನೂ ಕಾಣ್ತಿಲ್ಲ."

"ನಿಂಗೂ ಕಾಣ್ತಿಲ್ವಾ?" ಅಂದರು. ಆ ದನಿಯಲ್ಲಿ ಒಂದು ಸಮಾಧಾನವಿತ್ತು.

ಆಮೇಲೆ ಬ್ರೇಕಿನ ಕಿರುಚಾಟ, ತಗಡು ಮುರಿಯುವ ಸದ್ದು. ತರಕಾರಿ ತುಂಬಿದ ಟೆಂಪೋ ಒಂದು ನಮ್ಮ ಕಾರಿನ ಹಿಂಭಾಗಕ್ಕೆ ಗುದ್ದಿತ್ತು. ರಸ್ತೆಯ ತುಂಬ ಹೂಕೋಸು. ಟೆಂಪೋದ ಭಯ್ಯಾ ಇಳಿದು ಬೈಯತೊಡಗಿದ. ಬೈಯುವಷ್ಟು ಉಸಿರು ಉಳಿದಿತ್ತಲ್ಲ ಎಂದು ಖುಷಿಯಾಯಿತು. ಮಂಜಿನೊಳಗಿಂದ ಮಾವ ಓಡಿ ಬಂದರು. ಇಡಲು ಸಮಯವೇ ಸಿಗದ ತ್ರಿಕೋನ ಇನ್ನೂ ಕೈಯಲ್ಲೇ ಇತ್ತು. ಕಾರಿನಲ್ಲಿ ಹಿಂದಿನ ಸೀಟು ಮುಂದಿನ ಸೀಟಿಗೆ ಅಂಟಿಕೊಂಡಿತ್ತು.

ನನ್ನ ಸೀಟು.

ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಸುಟ್ಟಿದೆ ಎಂದು ವರ್ಕ್‌ಷಾಪಿನವರು ಹೇಳಿದರು. ಇದ್ದ ಚಾರ್ಜಿನಲ್ಲೇ ಅಷ್ಟು ದೂರ ಓಡಿದೆ, ಸ್ಟಾರ್ಟ್ ಮಾಡಿದ ಗಳಿಗೆಯಿಂದ ಕೆಂಪು ದೀಪ ಉರಿದಿರಲೇಬೇಕು. ಎಂದರೆ, ಡಬ್ಬಿ.

ಮುಂದಿನ ಭಾನುವಾರ ಅಕ್ಕ ಗುರುಗ್ರಾಮದಿಂದ ಬಂದಳು. ಡೈನಿಂಗ್ ಟೇಬಲ್ಲಿನ ಸುತ್ತ ನಾವು ನಾಲ್ವರು. ಮೇಜು ಕುಟ್ಟಿ ಅವಳು ಕೇಳಿದಳು, "ಪಪ್ಪಾ, ಸೀರಿಯಸ್ಲಿ, ರೆಡ್ ಲೈಟ್ ನಿಮಗೆ ದಿಖಾ ಹೀ ನಹೀಂ?"

"ನಾನೇ ನೋಡಿದ್ನಲ್ಲೇ, ಇರ್ಲಿಲ್ಲ" ಎಂದರು ಅತ್ತೆ.

"ನೀನು ನೋಡಿದಾಗ ಇರಲಿಲ್ಲ ಕಣೇ" ಎಂದು ಮಾವ ತಕ್ಷಣ ಹೇಳಿದರು. "ಆಮೇಲೆ ಹತ್ತಿರಬೇಕು. ದಾರೀಲಿ ನಾನು ಗಮನಿಸಲಿಲ್ಲ. ವಯಸ್ಸಾಯಿತಲ್ಲ, ಮರೆವು." ಕೀಲಿಯನ್ನು ತೆಗೆದು ಮಗಳ ಮುಂದಿಟ್ಟರು.

ಇಡೀ ನೌಕರಿಯಲ್ಲಿ ಒಂದು ಅಲ್ಪವಿರಾಮದ ತಪ್ಪನ್ನೂ ಒಪ್ಪಿಕೊಳ್ಳದ ಮನುಷ್ಯ! ನನ್ನ ಬಳಿ ಸಾಕ್ಷ್ಯವಿತ್ತು. ದೀಪ ಕಾಣದವರು ಹೀಟರ್ ಏಕೆ ಹಾಕಲಿಲ್ಲ? ರೇಡಿಯೊ ಏಕೆ ಆರಿಸಿದರು? ನನ್ನ ಚಾರ್ಜರ್ ಏಕೆ ಕೀಳಿಸಿದರು? ಬ್ಯಾಟರಿ ಸಾಯುತ್ತಿದೆ ಎಂದು ಗೊತ್ತಿದ್ದವರು ಮಾತ್ರ ಹಾಗೆ ಮಾಡುತ್ತಾರೆ. ಚುಚ್ಚುಮದ್ದು ತಪ್ಪಬಾರದೆಂದು ಹೊರಟರು ಎನ್ನೋಣವೇ? ಗೇಟಿಗೇ ಕ್ಯಾಬ್ ಬರುತ್ತಿತ್ತು. ಬೇರೆ ಏನಾದರೂ ನೆಪ ಹೇಳಬಹುದಿತ್ತಲ್ಲ? ಸುಳ್ಳು ಹೇಳುವ ಅಭ್ಯಾಸ ಅವರಿಗೆ ಆಗಿನ್ನೂ ಇರಲಿಲ್ಲ. "ಕೆಂಪು ಇದೆ" ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು, ಅತ್ತೆಯ 'ಇಲ್ಲ'ವನ್ನು ಸುಳ್ಳಾಗಿಸುವ ಆ ಮಾತು ಅವರ ಬಾಯಿಗೆ ಬರಲಿಲ್ಲ. ಈ ವಾದ ಹೂಡಿ ಮಾವನನ್ನು ಅರಳುಮರಳಿನ ಆರೋಪದಿಂದ ಐದೇ ನಿಮಿಷದಲ್ಲಿ ಬಿಡಿಸಿಕೊಳ್ಳುತ್ತಿದ್ದೆ. ಆದರೆ ಹಾಗೆ ಬಿಡಿಸಿದರೆ ಮೇಜಿನ ಆಚೆ, ಬೆರಳಿನಿಂದ ತಟ್ಟೆಯ ಅಂಚು ಸವರುತ್ತಾ ಕೂತ ಅತ್ತೆಗೆ ಏನಾಗುತ್ತಿತ್ತು? ಜೀವಮಾನದಲ್ಲಿ ಮೊದಲ ಬಾರಿಗೆ, ಗೆಲ್ಲುವ ವಾದವನ್ನು ನುಂಗಿಕೊಂಡೆ. ಸಿಟ್ಟು ಮಾತ್ರ ಹೊಟ್ಟೆಗಿಳಿಯಲಿಲ್ಲ. ಆ ಸೀಟಿನಲ್ಲಿ ಕೂತಿದ್ದವಳು ನಾನು.

ಮುಂದಿನ ಚುಚ್ಚುಮದ್ದಿಗೆ ಕ್ಯಾಬಿನಲ್ಲಿ ಹೋದೆವು. ನಾನು, ಅತ್ತೆ ಹಿಂದೆ; ಮಾವ ಮುಂದೆ, ಚಾಲಕನ ಪಕ್ಕದಲ್ಲಿ. ಆ ಕಾರಿನ ಡ್ಯಾಶ್‌ಬೋರ್ಡ್ ದೀಪಾವಳಿಯ ಹಾಗಿತ್ತು. ಮಾವನ ಟೊಪ್ಪಿಗೆ ಬಾಗಿತು. "ಭಯ್ಯಾ, ಯೇ ಬತ್ತಿ?"

"ಅರೇ ಅಂಕಲ್‌ಜೀ, ಯೇ ತೋ ಹಮೇಶಾ ಜಲ್ತೀ ಹೈ."

ಯಾವಾಗಲೂ ಉರಿಯುವ ದೀಪವಂತೆ; ಮಾವ ಬೆಲ್ಟು ಬಿಗಿದುಕೊಂಡರು. ಆಮೇಲೆ, ಹಿಂದಿರುಗಿ ನೋಡದೆ, ಮೆಲ್ಲಗೆ, "ಕೆಂಪು ಇದೆಯಾ?"

ಹಿಂದಿನ ಸೀಟಿನ ಆ ಮೂಲೆಯಿಂದ ಹದ್ದಿಗೂ ಡ್ಯಾಶ್‌ಬೋರ್ಡ್ ಕಾಣುವುದಿಲ್ಲ. ಅತ್ತೆ ಮುಂದಕ್ಕೆ ಬಾಗಲೂ ಇಲ್ಲ.

"ಇಲ್ಲ ರೀ, ಹೊರಡಿ."

ಆಸ್ಪತ್ರೆಯಲ್ಲಿ ಅತ್ತೆಯ ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂತಿರಿ ಎಂದರು. ಮಾವ ಚೀಟಿ ಮಾಡಿಸಲು ಕಿಟಕಿಯ ಬಳಿ ಸಾಲಿನಲ್ಲಿ ನಿಂತಿದ್ದರು. ಗದ್ದಲದ ನಡುವೆಯೂ ಅವರ ಚಪ್ಪಲಿ ಸಾಲಿನಲ್ಲಿ ಒಂದೊಂದು ಹೆಜ್ಜೆ ಮುಂದೆ ಸರಿದಾಗಲೆಲ್ಲ ಅತ್ತೆಯ ಮುಖ ಅಷ್ಟಷ್ಟೇ ಆ ಕಡೆ ತಿರುಗುತ್ತಿತ್ತು. ಅಷ್ಟು ಚುರುಕಾದ ಕಿವಿ. ಅತ್ತೆಯ ತಣ್ಣನೆಯ ಕೈ ನನ್ನ ಕೈಯಲ್ಲಿತ್ತು. ತಡೆಯಲಾರದೆ ಕೇಳಿಬಿಟ್ಟೆ:

"ಅತ್ತೆ, ಆವತ್ತು ಬೇಸ್‌ಮೆಂಟಲ್ಲಿ ನೀವು 'ಇಲ್ಲ' ಅಂದಮೇಲೆ ಮಾವ ಒಂದು ಗಳಿಗೆ ಸುಮ್ಮನಾದರಲ್ಲ, ಅದು ನಿಮಗೆ ಕೇಳಿಸಿತ್ತಾ?"

ಮುಚ್ಚಿದ ಕಣ್ಣು ತೆರೆಯದೆ, ಕಾರಿನಲ್ಲಿ ಉತ್ತರ ಕೊಡುವ ಅದೇ ದನಿಯಲ್ಲಿ ಅತ್ತೆ, "ಇಲ್ಲ" ಎಂದರು.