ಐದು ವರ್ಷ ಮುನ್ನೂರ ನಲವತ್ತೆಂಟು ತಿಂಗಳ ಪ್ರಭುಲಿಂಗ

ಮರಳವಾಡಿಯ ಪ್ರಭುಲಿಂಗನ ವಯಸ್ಸು, ಕಚೇರಿ ದಾಖಲೆಯ ಪ್ರಕಾರ, ಐದು ವರ್ಷ ಮುನ್ನೂರ ನಲವತ್ತೆಂಟು ತಿಂಗಳು. ಸುಳ್ಳು ಅನ್ನೋ ಗಂಡಸು ಈ ನಾಲ್ಕು ತಾಲ್ಲೂಕಿನಲ್ಲಿ ಇದ್ದರೆ ಎದ್ದು ನಿಲ್ಲಲಿ. ದಾಖಲೆಗೆ ಸೀಲು ಬಿದ್ದಿದೆ. ಸೀಲಿಗೆ ಎದುರಾಡಿ ಗೆದ್ದವನು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಪ್ರಭುಲಿಂಗ ರಾಮನಗರದಲ್ಲಿ ಮುನಾವರ್ ಸಾಬರ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಗೂಡು ಆರಿಸುವವನು. ಗೂಡನ್ನು ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗಿನ ಹುಳ ಗಟ್ಟಿಯಾಗಿದೆಯೋ ಕರಗಿದೆಯೋ ಹೇಳಿಬಿಡುತ್ತಿದ್ದ. ಇಂಥ ಕಿವಿ ಮೈಸೂರು ರಸ್ತೆಯ ಉದ್ದಕ್ಕೂ ಇನ್ನೊಂದಿಲ್ಲ, ಬರೆದುಕೊಳ್ಳಿ. ಆದರೆ ಪಕ್ಕದಲ್ಲಿ ಮೋಟಾರು ಬಡಕೊಂಡು, ರೇಡಿಯೊ ಅರಚಿ, ಮೂರು ಜನ ಒಟ್ಟಿಗೆ ಕೂಗಿದರೆ ಗೂಡು ಬಿಸಾಕಿ ಎದ್ದು ಹೋಗುತ್ತಿದ್ದ. ಮೂವತ್ನಾಲ್ಕು ವರ್ಷ ಇದಕ್ಕೆ ಊರು ಇಟ್ಟಿದ್ದ ಹೆಸರು ಕೊಬ್ಬು.

ಹೋದ ತಿಂಗಳು ಬೆಂಗಳೂರಿನ ಡಾಕ್ಟರಮ್ಮ ಒಬ್ಬರು ಆಟಿಸಂ ಅಂದರು. "ಇದು ವಾಸಿ ಮಾಡೋ ಕಾಯಿಲೆ ಅಲ್ಲ, ನೀವು ಇರೋದೇ ಹೀಗೆ. ಸದ್ದಿಲ್ಲದ ಕಡೆ ಕೂತು ಕೆಲಸ ಮಾಡಿ, ಚೆನ್ನಾಗಿರ್ತೀರಿ." ಬಸ್ಸು ಬಿಡದಿ ದಾಟುವವರೆಗೂ ಪ್ರಭುಲಿಂಗ ನಗುತ್ತಲೇ ಬಂದ. ತಾನು ಕೊಬ್ಬಿದವನಲ್ಲ!

"ಹಿಂದಿನ ಕೋಣೆ ಕೊಡಿ ಸಾಬ್ರೇ," ಅಂದ.

"ನಿಂಗೆ ಕೊಟ್ರೆ ಹನ್ನೆರಡು ಜನ ಕೇಳ್ತಾರಪ್ಪಾ," ಅಂದರು ಮುನಾವರ್. "ಡಾಕ್ಟರ್ ಚೀಟಿ ಆಗಲ್ಲ. ದುಂಡು ಸೀಲ್ ಇರೋದು ಏನಾದ್ರೂ ತಾ, ಬಾಗಿಲಿಗೆ ನೇತಾಕ್ತೀನಿ. ಶನಿವಾರದೊಳಗೆ. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವರು. ಬೇಜಾರ್ ಮಾಡ್ಕೋಬೇಡ."

ದುಂಡು ಸೀಲು ಇದ್ದದ್ದು 'ವಯಸ್ಕರ ಆಟಿಸಂ ನೆಮ್ಮದಿ ಕೇಂದ್ರ'ದಲ್ಲಿ. ಬೋರ್ಡು ಹೊಸದು, ಕಂಪ್ಯೂಟರು ಮಕ್ಕಳ ಯೋಜನೆಯದು. ಆದ್ದರಿಂದ ಕೇಂದ್ರದ ಮೊದಲ ನಿಯಮ: ವಯಸ್ಕರು ಆರು ವರ್ಷದೊಳಗಿನವರಾಗಿರತಕ್ಕದ್ದು. ಎರಡನೆಯದು: ತಾಯಿಯೊಂದಿಗೆ ಬರತಕ್ಕದ್ದು.

ಗುಮಾಸ್ತ ಚಿಕ್ಕಹನುಮಯ್ಯ ತಲೆಯೆತ್ತದೆ ಕೇಳಿದ: "ಏನಮ್ಮಾ, ಮಗು ಎಲ್ಲಿ?"

"ಇದೇಯಾ ಸ್ವಾಮಿ," ಅಂದಳು ವಿಮಲಮ್ಮ, ಮೀಸೆ ಬಿಟ್ಟ ಮಗನನ್ನು ಮುಂದಕ್ಕೆ ತಳ್ಳಿ.

"ವಯಸ್ಸು?"

"ಮೂವತ್ನಾಲ್ಕು," ಅಂದ ಪ್ರಭುಲಿಂಗ.

"ಕಂಪ್ಯೂಟರು ಐದರ ಮೇಲೆ ತಗಳಲ್ಲ ಕಣಪ್ಪಾ. ತಿಂಗಳಿಗೆ ಮಾತ್ರ ಮಿತಿ ಇಲ್ಲ."

"ಹಂಗಾದ್ರೆ ಐದು ವರ್ಷ, ಮುನ್ನೂರ ನಲವತ್ತೆಂಟು ತಿಂಗಳು." ಪ್ರಭುಲಿಂಗನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದು ಸುಳ್ಳಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ತೂಕ ಹಾಕಿದರು: ಎಪ್ಪತ್ತೆರಡು ಕೆಜಿ. ಐದು ವರ್ಷಕ್ಕೆ ಅತಿ ಹೆಚ್ಚೆಂದು ಕೆಂಪು ಗೆರೆ ಎಳೆದರು.

"ಮುದ್ದೆ ಒಸಿ ಕಮ್ಮಿ ಮಾಡಮ್ಮಾ."

"ಬೆಳೆಯೋ ಮಗ ಅಲ್ವಾ ಸ್ವಾಮಿ," ಅಂದಳು ವಿಮಲಮ್ಮ.

ಅಷ್ಟರಲ್ಲಿ ಅಂಗಳದ ಧ್ವನಿವರ್ಧಕ ಗುಡುಗಿತು: "ಸದ್ದು ಸಹಿಸಲಾಗದ ಸಮಸ್ತ ಫಲಾನುಭವಿಗಳು ತಮಟೆ ಮೇಳದ ಹಿಂದೆ ಸಾಲಾಗಿ ಬಂದು ಮೌನ ಜಾಗೃತಿ ಜಾಥಾವನ್ನು ಯಶಸ್ವಿಗೊಳಿಸತಕ್ಕದ್ದು!" ಪ್ರಭುಲಿಂಗ ಕಡತದ ಕಪಾಟಿನ ಹಿಂದೆ ಕಿವಿ ಮುಚ್ಚಿ ಕೂತ. ಜಾಥಾ ಯಶಸ್ವಿಯಾಯಿತು.

ಎದ್ದು ಬಂದು ದುಂಡು ಸೀಲಿನ ಪತ್ರ ಕೇಳಿದ.

"ಪತ್ರ ಆರು ವರ್ಷ ತುಂಬಿದ ಮೇಲೆ," ಅಂದ ಚಿಕ್ಕಹನುಮಯ್ಯ.

"ಯಾವಾಗ ತುಂಬ್ತದೆ?"

"ನಿಂಗೆ ವರ್ಷ ಏರಲ್ಲ ಕಣಪ್ಪಾ, ತಿಂಗಳು ಮಾತ್ರ ಏರ್ತದೆ. ಐದು ವರ್ಷದೋರಿಗೆ ಸಲ್ಲೋದು ಇದು." ಹಳದಿ ಬಣ್ಣದ ಚನ್ನಪಟ್ಟಣದ ಗಿಲಕಿಯೊಂದನ್ನು ಮೇಜಿನ ಮೇಲಿಟ್ಟು, ಕಚೇರಿ ಸ್ವತ್ತಾದ್ದರಿಂದ ಅದರ ಮೇಲೆ ದುಂಡು ಸೀಲು ಒತ್ತಿದ.

"ಸದ್ದು ಬ್ಯಾಡ ಅಂತ ಬಂದೋನಿಗೆ ಗಿಲಕಿನಾ ಸ್ವಾಮಿ?" ಅಂದ ಪ್ರಭುಲಿಂಗ.

"ಇದು ನಿಂದೇ ಸದ್ದು. ಬೇಕಾದಾಗ ಮಾಡ್ಕೋ."

ಪ್ರಭುಲಿಂಗ ಅದನ್ನು ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿದ. "ಒಳಗೆ ಏಳು ಕಾಳು ಅವೆ. ಒಂದು ಒಡೆದೈತೆ."

ಚಿಕ್ಕಹನುಮಯ್ಯ ಆವತ್ತು ಮೊದಲ ಸಲ ತಲೆಯೆತ್ತಿದ.

ಶನಿವಾರ ಮುನಾವರ್ ಸಾಬರು ಗಿಲಕಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸೀಲ್ ದುಂಡಗಿದ್ಯಾ?"

"ದುಂಡಗೈತೆ."

"ಮತ್ತೇನು!" ಹಿಂದಿನ ಕೋಣೆಯ ಬಾಗಿಲಿಗೆ ನೇತುಹಾಕಿದರು. ಒಳಗಿನವನನ್ನು ಕೂಗುವಂತಿಲ್ಲ, ಗಿಲಕಿ ಒಂದು ಸಲ ಅಲ್ಲಾಡಿಸಿ ಕಾಯತಕ್ಕದ್ದು. ಉಳಿದ ಹನ್ನೆರಡು ಜನ ಕೋಣೆ ಕೇಳಲಿಲ್ಲ. ಐದು ವರ್ಷದ ಮಗುವಿಗೆ ಕೊಟ್ಟದ್ದಕ್ಕೆ ಆಸೆಪಡುವುದು ದೊಡ್ಡವರಿಗೆ ಮರ್ಯಾದೆಯಲ್ಲವೆಂದು ಎಲ್ಲರೂ ಒಪ್ಪಿದರು.

ಪ್ರಭುಲಿಂಗನಿಗೆ ಕೊನೆಗೆ ಕೊಟ್ಟದ್ದು ಇಷ್ಟು: ಎಂಟಡಿ ಹತ್ತಡಿಯ ಒಂದು ಕೋಣೆ, ಮುಚ್ಚಿಕೊಳ್ಳುವ ಒಂದು ಬಾಗಿಲು, ಹಳದಿ ಬಣ್ಣದ ಒಂದು ಗಿಲಕಿ.