ಹುರುಳಿ ತಿಂದ ಬೂಟು

ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಬರಿಗಾಲಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುವುದರಲ್ಲಿ ನಾನು ಸಾಕಷ್ಟು ಹೆಸರು ಮಾಡಿದ್ದೆ. ಸಾಕಷ್ಟು ಎಂದರೆ, ಕಚೇರಿ ಹಿಂದಿನ ಮಣ್ಣಿನ ಕೋರ್ಟಿನಿಂದ ನಮ್ಮ ಮನೆ ಜಗಲಿಯವರೆಗೆ.

ಒಂದು ಭಾನುವಾರ ಆ ಕೋರ್ಟಿನಲ್ಲೇ ತರೀಕೆರೆಯವರೊಂದಿಗೆ ಪಂದ್ಯವಿತ್ತು. ಅಮಲ್ದಾರ್ ಸಾಹೇಬರ ಜೋಡಿ ಆಟಗಾರನಿಗೆ ಜ್ವರ ಬಂದು, ಆ ಸ್ಥಾನ ನನಗೆ ಬಂತು.

“ಬರಿಗಾಲಲ್ಲಿ ಬಂದು ನನ್ನ ಮಾನ ಕಳೀಬೇಡ್ರಿ. ಬೂಟು ಹಾಕ್ಕೊಂಡು ಬನ್ನಿ” ಎಂದರು ಸಾಹೇಬರು.

ನಮ್ಮೆಲ್ಲರ ಬಗ್ಗೆ ಅವರು ಮೇಲಿನವರಿಗೆ ಗುಪ್ತ ವರದಿ ಬರೆಯುವ ತಿಂಗಳೂ ಅದೇ! ಇನ್ನೂ ಕೊಳ್ಳದ ಬೂಟಿನ ಮೇಲೆ ನನ್ನ ಬಡ್ತಿ ನಿಂತಿತು.

ಬೀರೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಭಾವಮೈದ ಬುಧವಾರ ಬೆಂಗಳೂರಿನಿಂದ ಬೂಟು ತಂದುಕೊಟ್ಟ. ಹಾಲುಬಿಳುಪಿನ ಕ್ಯಾನ್ವಾಸು, ಅಡಿಯಲ್ಲಿ ಚಕ್ಕುಲಿ ಗೆರೆಯ ರಬ್ಬರು. ನೋಡಲು ಮದುಮಗನಂತಿತ್ತು. ಕಾಲಿಟ್ಟರೆ ಮುನಿಸಿಕೊಂಡ ಮಾವನಂತೆ, ಒಳಗೇ ಬಿಟ್ಟುಕೊಳ್ಳಲಿಲ್ಲ. ನನ್ನದು ಏಳನೇ ನಂಬರಿನ ಕಾಲು, ಅವನು ತಂದದ್ದು ಆರು!

“ಬದಲಾಯಿಸಿಕೊಂಡು ಬರಲಿ ಬಿಡಿ” ಎಂದಳು ಹೆಂಡತಿ ಸಾವಿತ್ರಿ.

“ಭಾನುವಾರದೊಳಗೆ ಎಲ್ಲಿ ಆಗುತ್ತೆ? ನಮ್ಮ ಹಿರೇನಲ್ಲೂರಿನಲ್ಲಿ ತಾತ ಹೊಸ ಚಪ್ಪಲಿ ಬಿಗಿಯಾದರೆ ಹುರುಳಿ ತುಂಬಿ ನೀರು ಹನಿಸಿ ಕಟ್ಟಿಡ್ತಿದ್ರು. ಕಾಳು ಉಬ್ಬಿದ ಹಾಗೆ ಚಪ್ಪಲಿ ಹಿಗ್ಗುತ್ತೆ ಕಣೇ.”

“ಅದು ಚರ್ಮ ಕಣ್ರೀ, ಇದು ಬಟ್ಟೆ!”

“ಶಾಸ್ತ್ರ ಒಂದೇ” ಎಂದು ಹೇಳಿ, ಅವಳ ಡಬ್ಬದ ಹುರುಳಿಯನ್ನೆಲ್ಲ ಬೂಟಿಗೆ ಸುರಿದು, ನೀರು ಹಾಕಿ, ಬಿಗಿಯಾಗಿ ಕಟ್ಟಿ, ನಾನೇ ಬಿಚ್ಚುವವರೆಗೆ ಮುಟ್ಟಬೇಡ ಎಂದೆ. ಒಂದು ರಾತ್ರಿ ಸಾಕಾಗಿತ್ತು. ಆದರೆ ಗುರುವಾರ ಬೆಳಿಗ್ಗೆಯೇ ಸಾಹೇಬರು ನನ್ನನ್ನು ಕಚೇರಿ ಕೆಲಸದ ಮೇಲೆ ಶಿವನಿ ಎಂಬ ಊರಿಗೆ ಕಳಿಸಿಬಿಟ್ಟರು. ಕೆಲಸ ಮುಗಿಸಿ ಶನಿವಾರ ಸಂಜೆ ಮನೆಗೆ ಬಂದಾಗ ಬಾಗಿಲಲ್ಲೇ ಸಾವಿತ್ರಿ ನಿಂತಿದ್ದಳು.

“ಬನ್ನಿ, ನಿಮ್ಮ ಬೂಟಿಗೆ ಬಾಲ ಬಂದಿದೆ.”

ಲೇಸಿನ ತೂತುಗಳಿಂದೆಲ್ಲ ಬಿಳಿ ಮೊಳಕೆ ಇಣುಕುತ್ತಿತ್ತು! ಬೂಟು ಹಿಗ್ಗಿದ್ದೇನೋ ನಿಜ. ಒಂಬತ್ತು ದಾಟಿ ಹತ್ತನೇ ನಂಬರಿಗೆ ಹೊರಟಿತ್ತು. ಮೂಗಿನ ಹತ್ತಿರ ರಬ್ಬರು ಕಿತ್ತು, ಬಾಯಿ ಬಿಟ್ಟುಕೊಂಡಿತ್ತು.

“ಇವನ್ನ ತೊಳೆದು ಸಾರು ಮಾಡ್ಲಾ?”

“ತಮಾಷೆ ಬೇಡ ಕಣೇ!” ಎಂದು ಗದರಿ, ಕೈಗೆ ಸಿಕ್ಕಷ್ಟು ಕಾಳನ್ನು ಕೊಡವಿದೆ. ಮರುದಿನ ಬೂಟಿನ ಮೇಲೆ ಸೆಣಬಿನ ಹುರಿ ಸುತ್ತಿಕೊಂಡು ಪಂದ್ಯಕ್ಕೆ ಹೊರಟೆ.

ಓಡಿದರೆ ಚಪ್ ಚಪ್. ನಿಂತರೆ, ನಾನು ನಿಂತಮೇಲೂ ಬೂಟು ಒಂದಿಂಚು ಮುಂದೆ ಹೋಗುತ್ತಿತ್ತು. “ಕಾಲಿಗೇನ್ರೀ ಆಗಿದೆ?” ಎಂದರು ಸಾಹೇಬರು. “ಹೊಸದು ಸಾರ್” ಎಂದೆ. ಆದರೂ ಸಾಹೇಬರ ಪ್ರತಾಪದಿಂದ ಕೊನೆಯ ಗೇಮಿನಲ್ಲಿ ಗೆಲ್ಲಲು ನಮಗೆ ಒಂದೇ ಪಾಯಿಂಟ್ ಉಳಿಯಿತು.

ಚೆಂಡು ನನ್ನ ಕಡೆಗೇ ಬಂತು. ಎಗರಿದೆ. ಹುರಿ ಕಿತ್ತುಹೋಯಿತು. ಬೂಟು ಕಾಲು ಬಿಟ್ಟು ಆಕಾಶಕ್ಕೆ ಹಾರಿತು. ಒಳಗೆ ಅಡಗಿದ್ದ ಮೊಳಕೆಕಾಳು ಅಕ್ಷತೆಯಂತೆ ಸುತ್ತಲೂ ಉದುರಿತು. ನಾನು ಅದರ ಮೇಲೆ ಬಿದ್ದೆ.

ನೆಟ್ ದಾಟಿದ್ದು ಬೂಟು. ಚೆಂಡಲ್ಲ!

ತರೀಕೆರೆಯ ಆಟಗಾರನೊಬ್ಬ ಬೂಟನ್ನು ಬ್ಯಾಟಿನ ಮೇಲೆ ಹೊತ್ತು ತಂದು, “ಸ್ವಾಮಿ, ಇದನ್ನೂ ವಾಪಸ್ ಹೊಡೀಬೇಕಾ?” ಎಂದ. ಆಮೇಲಿನ ಪಾಯಿಂಟೆಲ್ಲ ಅವರದೇ. ಸಾಹೇಬರು ಜೀಪು ಹತ್ತಿ ಹೊರಟೇಬಿಟ್ಟರು.

ಹದಿನೈದು ದಿನ ನನಗೆ ಅನ್ನ ಸೇರಲಿಲ್ಲ. ಈ ನಡುವೆ ಎರಡು ಮಳೆ ಬಿದ್ದು, ಕೋರ್ಟಿನಲ್ಲಿ ಆಟವೂ ನಿಂತಿತ್ತು. ಒಂದು ಬೆಳಿಗ್ಗೆ ಸಾಹೇಬರು ನನ್ನನ್ನು ಕೋರ್ಟಿಗೇ ಕರೆಸಿದರು.

“ನೋಡ್ರಿ, ನೀವು ಬಿದ್ದ ಜಾಗದಲ್ಲಿ ಹುರುಳಿ ಎದ್ದಿದೆ.”

ನಿಜ! ಹಸಿರಾಗಿ, ಒತ್ತಾಗಿ ಎದ್ದಿತ್ತು.

“ಸಾರ್, ನನ್ನ ವರದಿ...” ಎಂದು ತೊದಲಿದೆ.

“ಅದು ಆಗ್ಲೇ ಹೋಯ್ತು. ಕೆಲಸ ಚೆನ್ನಾಗಿ ಮಾಡ್ತಾನೆ ಅಂತ ಬರೆದಿದೀನಿ. ಆಟದ ವಿಷಯ ಬರೀಲಿಲ್ಲ, ಜೊತೇಲಿ ಆಡಿದ್ದು ನಾನೇ ನೋಡಿ! ಈ ಪೈರು ಮಾತ್ರ ಯಾರೂ ಕೀಳಬಾರದು. ಪಹಣಿಯಲ್ಲಿ ಬರ್ಕೊಳ್ಳಿ. ಬೆಳೆ ಹುರುಳಿ, ಸಾಗುವಳಿದಾರ ನೀವು.”

ಬೆಳೆ ಕೈಗೆ ಬಂದಾಗ ಸಾವಿತ್ರಿ ಹೋಗಿ ಕಿತ್ತು ತಂದು, ಒಣಗಿಸಿ ಬಡಿದಳು. ಅಷ್ಟು ವರ್ಷ ಆಡಿ ಆ ಕೋರ್ಟಿನಲ್ಲಿ ನಾನು ಗಳಿಸಿದ್ದು ಅದೊಂದೇ: ಅರ್ಧ ಪಾವು ಹುರುಳಿ.