ಭಾವಮೈದುನನನ್ನು ಬೆಳೆಸಿದ್ದು

ನಾಯಕನಾದವನು ಕೈಕೆಳಗಿನವರಿಗೆ ಉತ್ತರ ಹೇಳಬಾರದು, ಪ್ರಶ್ನೆ ಕೇಳಬೇಕು. ಕೇಳುವಾಗ ತುಸು ಮುಂದಕ್ಕೆ ಬಾಗಬೇಕು. ಕೇಳಿದ ಮೇಲೆ ಎದುರಿನವನು ಬಾಯಿ ಬಿಡುವ ತನಕ ತುಟಿ ಎರಡು ಮಾಡಬಾರದು. ಕೋಚಿಂಗ್ ತರಬೇತಿಯಲ್ಲಿ ಕಲಿತ ಈ ಸೂತ್ರಗಳನ್ನು ನಾನು ಮಾರನೆಯ ದಿನವೇ ಜಾರಿಗೆ ತಂದೆ. "ನಿನ್ನ ಬೆಳವಣಿಗೆಗೆ ಅಡ್ಡಿಯಾಗಿರೋದು ಏನು?" ಎಂದು ಎದುರಿಗಿದ್ದ ಹುಡುಗನನ್ನು ಕೇಳಿ, ಮುಂದಕ್ಕೆ ಬಾಗಿದೆ. ಚಕ್ರದ ಕುರ್ಚಿ ಹಿಂದಕ್ಕೆ ಓಡಿತು. ನಾನು ಅವನ ಕಾಲ ಬುಡದಲ್ಲಿ ಬೋರಲು ಬಿದ್ದೆ. ಪ್ರಶ್ನೆ ಕೇಳಿಯಾಗಿತ್ತಲ್ಲ, ಸೂತ್ರಕ್ಕೆ ಭಂಗ ಬರದಂತೆ ಬಿದ್ದಲ್ಲೇ ಮೌನವಾಗಿದ್ದೆ. ಅವನು ಬಗ್ಗಿ ನೋಡಿದ. ಮುಖ ಉತ್ತರ ಸಿಕ್ಕವನ ಹಾಗಿತ್ತು. ಆಚೆ ಟವೆಲು ಮಡಿಸುತ್ತಿದ್ದ ಹೆಂಗಸರು ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜಗಳು ಕುಲುಕುತ್ತಿದ್ದವು.

ಅವನು ಹೊರಗಿನವನಲ್ಲ, ನನ್ನ ಹೆಂಡತಿಯ ತಮ್ಮ. ಆಸ್ಪತ್ರೆ, ಹೋಟೆಲುಗಳ ಬಟ್ಟೆಯನ್ನೆಲ್ಲ ಒಗೆದು, ಒಣಗಿಸಿ, ಮಡಿಸಿ ಕಳಿಸುವ ದೊಡ್ಡ ಲಾಂಡ್ರಿಯೊಂದಕ್ಕೆ ನಾನು ಪ್ರಭಾರ ಮ್ಯಾನೇಜರು. (ಪ್ರಭಾರ ಎಂದರೆ ಭಾರ ಪೂರ್ತಿ ನಮ್ಮದು, ಕುರ್ಚಿ ಮಾತ್ರ ನಮ್ಮದಲ್ಲ.) ಅವನು ಅಲ್ಲೇ ಒಗೆಯುವ ಯಂತ್ರಗಳ ಉಸ್ತುವಾರಿ. ಈಗ ಹೆಡ್ಡಾಫೀಸಿನ ಹೊಸ ಫರ್ಮಾನು ಬಂದಿತ್ತು: ಕೋಚಿಂಗ್ ಮಾಡಿ ಒಬ್ಬನನ್ನಾದರೂ ಬೆಳೆಸಿ ತೋರಿಸಿದವರಿಗಷ್ಟೇ ಕುರ್ಚಿ ಕಾಯಂ, ಉಳಿದವರು ಹಳೆಯ ಜಾಗಕ್ಕೆ. ತಿಂಗಳ ಕೊನೆಗೆ ಅಲ್ಲಿಂದ ಮೇಡಂ ಒಬ್ಬರು ಬಂದು ಎದುರಿಗೇ ಕೂತು ಪರೀಕ್ಷೆ ಮಾಡುವವರಿದ್ದರು.

ಇವನನ್ನೇ ಯಾಕೆ ಆರಿಸಿದಿರಿ ಎಂದು ನೀವು ಕೇಳಬಹುದು. ಆರಿಸಿದ್ದು ನನ್ನ ಹೆಂಡತಿ. ಊರವರನ್ನೆಲ್ಲ ಉದ್ಧಾರ ಮಾಡುವ ಮೊದಲು ಮನೆಯವನನ್ನು ಮೇಲೆ ತನ್ನಿ ಎಂದು ಅಪ್ಪಣೆಯಾಗಿತ್ತು. ಅವನೋ, ಹುಟ್ಟಿದಾರಭ್ಯ ಮಾತನ್ನು ಮಿತವಾಗಿ ಖರ್ಚು ಮಾಡಿಕೊಂಡು ಬಂದವನು. ಸಂಜೆ ನಮ್ಮಲ್ಲೇ ಊಟ ಮಾಡುತ್ತಿದ್ದುದರಿಂದ ತಾಲೀಮನ್ನು ಮನೆಯಲ್ಲೇ ಇಟ್ಟುಕೊಂಡೆ.

"ಈಗಿನ ಕೆಲಸದಲ್ಲಿ ನಿನಗೆ ಯಾವುದು ಕಷ್ಟ ಅನ್ನಿಸುತ್ತೆ?" ಎಂದೆ, ಬಾಗಿ.

"ಅವನಿಗೆ ಬೆಳಗ್ಗೆ ಏಳೋದೇ ಕಷ್ಟ" ಎಂದಳು ಹೆಂಡತಿ.

"ನಾನು ಕೇಳಿದ್ದು ಅವನನ್ನ."

"ಬಾಯಲ್ಲಿ ತುತ್ತಿದೆ, ಕಾಣಿಸಲ್ವಾ?"

"ತುತ್ತು ಮುಗಿದ ಮೇಲೆ ಹೇಳಲಿ."

"ಮುಗಿದ ಮೇಲೆ ಇನ್ನೊಂದು ಇರುತ್ತೆ."

ಅವನು ತಲೆಯಾಡಿಸಿದ. ಯಾರ ಮಾತಿಗೆ ಎಂದು ತಿಳಿಯಲಿಲ್ಲ.

ದಿನ ಹತ್ತಿರ ಬಂದಂತೆಲ್ಲ ನಾನು ರಾತ್ರಿಯೆಲ್ಲ ಎದ್ದು ಕೂತು ಕನ್ನಡಿಯೆದುರು ಬಾಗುವ ಅಭ್ಯಾಸ ಮಾಡತೊಡಗಿದೆ. ಆ ನಿದ್ದೆಗೇಡಿಗೋ ಏನೋ, ಜ್ವರ ಬಂದು ಒಂದು ವಾರ ಹಾಸಿಗೆ ಹಿಡಿದೆ. ಲಾಂಡ್ರಿಗೆ ಫೋನಿನ ಮೇಲೆ ಫೋನು ಮಾಡಿದೆ, ಭಾವಮೈದುನ ಎತ್ತಲಿಲ್ಲ, ಸಂಜೆ ಊಟಕ್ಕೂ ಬರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಬರಿ ಮಂಚದ ಮೇಲೆ ಮಲಗಿದ ರೋಗಿಗಳು, ಕಿಟಕಿಯ ಪರದೆಯಲ್ಲಿ ಮೈ ಒರೆಸಿಕೊಳ್ಳುವ ಹೋಟೆಲಿನ ಅತಿಥಿಗಳು ಸಾಲಾಗಿ ಬರುತ್ತಿದ್ದರು. ಕೊನೆಗೆ ಹೆಂಡತಿ ಫೋನು ಕಿತ್ತುಕೊಂಡು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು.

ಎದ್ದು ಹೋಗಿ ನೋಡಿದರೆ ಎದೆ ಧಸಕ್ಕೆಂದಿತು. ಎಲ್ಲ ಸರಿಯಾಗಿತ್ತು. ಬಟ್ಟೆಯೆಲ್ಲ ಹೊತ್ತಿಗೆ ಸರಿಯಾಗಿ ಹೋಗಿತ್ತು. ನಾನು ಗದರಿಸಿದರೂ ಮುನಿಸಿಕೊಂಡೇ ಇದ್ದ ಡ್ರೈಯರು ಓಡುತ್ತಿತ್ತು. ಹೆಂಗಸರು ನಗುನಗುತ್ತಾ ಮಡಿಸುತ್ತಿದ್ದವರು ನನ್ನನ್ನು ಕಂಡು ಗಂಭೀರರಾದರು. ಹಾಗಾದರೆ ನಾನು ಯಾತಕ್ಕೆ ಎಂಬ ಪ್ರಶ್ನೆ ಏಳುವ ಮೊದಲೇ ಅದನ್ನು ಅದುಮಿ, ಮೇಡಂಗೆ ಫೋನು ಮಾಡಿದೆ. ಹುಡುಗ ಇಡೀ ಲಾಂಡ್ರಿಯನ್ನು ತಾನೇ ನಿಭಾಯಿಸುವಷ್ಟು ಬೆಳೆದಿದ್ದಾನೆ, ಎಲ್ಲ ಕೋಚಿಂಗ್ ಮಹಿಮೆ ಎಂದೆ. (ಜ್ವರದ ವಿಷಯ ಹೇಳಲಿಲ್ಲ. ಆರೋಗ್ಯ ಖಾಸಗಿ ವಿಚಾರ.)

ಪರೀಕ್ಷೆಯ ಹಿಂದಿನ ಸಂಜೆ ಊಟಕ್ಕೆ ಕೂತಾಗ ಅವನಿಗೆ ಕೊನೆಯ ಪಾಠ ಹೇಳಿದೆ: "ಇದರಲ್ಲಿ ಸರಿ ತಪ್ಪು ಅಂತ ಇಲ್ಲ ಕಣೋ. ಮನಸ್ಸಿಗೆ ಬಂದದ್ದನ್ನ ಹಾಗೇ ಹೇಳು."

"ಆಯ್ತು ಭಾವ" ಎಂದ.

ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ, "ಆ ಮಾತು ವಾಪಸ್ ತಗೊಳ್ಳಿ" ಎಂದಳು.

"ಯಾಕೆ?"

"ಇಷ್ಟು ವರ್ಷ ಅವನ ಪರವಾಗಿ ನಾನು ಮಾತಾಡ್ತಿರೋದು ಯಾಕೆ ಅಂದ್ಕೊಂಡಿದ್ದೀರಿ?"

ಅಕ್ಕಂದಿರ ಅಹಂಕಾರ ಎಂದುಕೊಂಡು ಕೈತೊಳೆದೆ.

ಮಾರನೆಯ ದಿನ ಕುರ್ಚಿಯ ಚಕ್ರಗಳಿಗೆ ಟವೆಲು ಸುತ್ತಿ ಭದ್ರ ಮಾಡಿದ್ದೆ. ಮೇಡಂ ಪಕ್ಕದಲ್ಲಿ ಕೂತರು. ನಾನು ಪ್ರಶ್ನೆ ಕೇಳಿ ಬಾಗಿದೆ. ಅವನು ಯೋಚಿಸಿದ. ಯೋಚಿಸುತ್ತಲೇ ಇದ್ದ. ಪಕ್ಕದ ಕೋಣೆಯಲ್ಲಿ ಯಂತ್ರವೊಂದು ತನ್ನ ಸುತ್ತು ಮುಗಿಸಿ ನಿಂತಿತು. ಬೆವರು ಕನ್ನಡಕದ ಒಳಗೆ ಇಳಿಯಿತು. ತುಟಿ ಬಿಚ್ಚುವಂತಿಲ್ಲ. ಕಡೆಗೆ ಮೇಡಂಗೇ ಕನಿಕರ ಬಂದು, ನಗುತ್ತಾ ಅವನ ಕಡೆ ತಿರುಗಿದರು.

"ನಿಮ್ಮ ಬಗ್ಗೆ ಇವರು ತುಂಬಾ ಹೇಳಿದ್ದಾರೆ. ನೀವು ಇಷ್ಟು ಬೆಳೆಯೋಕೆ ಇವರಿಂದ ಎಲ್ಲಕ್ಕಿಂತ ಹೆಚ್ಚು ಸಹಾಯ ಆಗಿದ್ದು ಯಾವುದು?"

ಅವನು ನನ್ನ ಮುಖ ನೋಡಿದ. ಹೇಳು, ಮನಸ್ಸಿಗೆ ಬಂದದ್ದನ್ನ ಹಾಗೇ ಹೇಳು ಎಂದು ನಾನು ಕಣ್ಣಲ್ಲೇ ಹುರಿದುಂಬಿಸಿ, ಇನ್ನಷ್ಟು ಬಾಗಿದೆ. ಕುರ್ಚಿ ಈ ಸಲ ಅಲುಗಲಿಲ್ಲ.

"ಇವರಿಗೆ ಜ್ವರ ಬಂದಿದ್ದು, ಮೇಡಂ" ಎಂದ.